ಖಾಲಿ ಬಿಟ್ಟ ನೆಲ

ಜಯತೀರ್ಥ ತೀರಿಹೋದ ತನ್ನ ಅಣ್ಣನ ಕೆನ್ನೆಗೆ ಪೌಡರ್ ಹಚ್ಚಿ, ಕುತ್ತಿಗೆಗೂ ಒಂದಿಷ್ಟು ಉದುರಿಸುತ್ತಿದ್ದಾಗ ಹಿಂದಿನಿಂದ ಗುರುವ ಕೆಮ್ಮಿದ.

"ಜಯಣ್ಣ, ಆ ಡಬ್ಬಿ ಮುಖಕ್ಕೆ ತಂದಿದ್ದಲ್ಲ."

ಸಿಂಗಪುರದ ಬುಕಿತ್ ಬಾಟೋಕ್‌ನ ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ, ಅನಂತರಾಮನ ಶವದ ಪೆಟ್ಟಿಗೆ ಇಟ್ಟಿದ್ದರು. ಬಂದವರೆಲ್ಲ ಹೂವು ತಂದಿದ್ದರು. ಉಡುಪಿ ಕಡೆಯ ಈ ಗುರುವ ಮತ್ತು ಅವನ ಜೊತೆಗಿದ್ದ ಚೀನೀ, ಮಲಾಯ್ ಮುದುಕ ಮುದುಕಿಯರು ಮಾತ್ರ ಟಾಲ್ಕಂ ಪೌಡರ್ ಡಬ್ಬಿ ತಂದು ಪಕ್ಕದಲ್ಲಿಟ್ಟಿದ್ದರು. ಹೆಣಕ್ಕೆ ಪೌಡರ್ ಹಚ್ಚುವ ಪದ್ಧತಿ ಇವರಿಗೂ ಗೊತ್ತಲ್ಲ, ಪರವಾಗಿಲ್ಲವೇ ಎಂದು ಜಯತೀರ್ಥ ಒಳಗೊಳಗೇ ಮೆಚ್ಚಿಕೊಂಡಿದ್ದ.

"ಮತ್ತೆ ಯಾತಕ್ಕೆ?"

"ನೆಲಕ್ಕೆ. ಡ್ಯಾನ್ಸ್ ಮಾಡುವಾಗ ಕಾಲು ಜಾರಬೇಕಲ್ಲ."

"ಡ್ಯಾನ್ಸಾ? ಏನ್ರೀ, ಅಣ್ಣ ಸತ್ತು ಮಲಗಿದ್ದಾನೆ, ನಿಮಗೆ ಡ್ಯಾನ್ಸಾ?"

ಕುರ್ಚಿಯಲ್ಲಿ ಕೂತಿದ್ದ ಅನಂತರಾಮನ ಹೆಂಡತಿ ಸರಳಾ ತಲೆಯೆತ್ತಿದಳು. ಗುರುವ ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ನಾವು ಕುಣಿಯಲ್ಲ ಸರಳಕ್ಕ. ನಮ್ಮ ಡ್ಯಾನ್ಸ್ ಗುಂಪಲ್ಲಿ ಒಬ್ಬರು ಹೋದ್ರೆ ಅವರಿಗೆ ಇಷ್ಟವಾದ ಒಂದು ರೆಕಾರ್ಡ್ ಹಾಕ್ತೇವೆ. ನೆಲಕ್ಕೆ ಪೌಡರ್ ಹಾಕಿ ಖಾಲಿ ಬಿಡ್ತೇವೆ. ಹಾಡು ಮುಗಿಯೋವರೆಗೆ ಯಾರೂ ಕಾಲಿಡಲ್ಲ, ಆ ನೆಲ ಅನಂತಣ್ಣನದ್ದು. ನೀವು ಬೇಡ ಅಂದ್ರೆ ಸುಮ್ನೆ ಹೋಗ್ತೇವೆ."

ಬೇಡ ಅನ್ನುವುದು ಸರಳಾಳಿಗೆ ಸುಲಭವಿತ್ತು. ಒಮ್ಮೆ ಅಂದು ಅಭ್ಯಾಸವಿತ್ತು.

*

ಅನಂತರಾಮ ಹರೆಯದಲ್ಲಿ ಜವಳಿ ಯಂತ್ರಗಳ ಕೆಲಸ ಕಲಿಯಲು ಉತ್ತರ ಇಂಗ್ಲೆಂಡಿನ ಗಿರಣಿ ಊರೊಂದಕ್ಕೆ ಹೋಗಿದ್ದ. ಅಲ್ಲಿನ ಹುಡುಗರು ವಾರವಿಡೀ ಗಿರಣಿಯಲ್ಲಿ ದುಡಿದು, ಶನಿವಾರ ರಾತ್ರಿ ಬೆಳಗಾಗುವವರೆಗೆ ಅಮೆರಿಕದ ಕಪ್ಪು ಗಾಯಕರ ‘ಸೋಲ್’ ಎಂಬ ಬಗೆಯ ಹಾಡುಗಳಿಗೆ ಕುಣಿಯುತ್ತಿದ್ದರು. ಅವೇನು ಹೆಸರು ಮಾಡಿದ ಹಾಡುಗಳಲ್ಲ. ಅವುಗಳ ಊರಿನಲ್ಲೇ ಯಾರೂ ಕೊಳ್ಳದೆ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಒಂದೇ ರೆಕಾರ್ಡ್ ಮಾಡಿ, ಸೋತು, ಬಸ್ ಓಡಿಸಲು ಹೋದ ಗಾಯಕನನ್ನು ಈ ಹುಡುಗರು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಅನಂತರಾಮನಿಗೂ ಆ ಹುಚ್ಚು ಹಿಡಿಯಿತು.

ಆಮೇಲೆ ಮದುವೆಯಾದ, ಸಿಂಗಪುರಕ್ಕೆ ಬಂದ, ಪಿಆರ್ ಆಗಿ ಅಲ್ಲೇ ಕಾಯಂ ನೆಲೆಸಿದ, ಮಗನನ್ನು ಓದಿಸಿದ. ಹುಚ್ಚು ಬಿಡಲಿಲ್ಲ. ಕಲ್ಲಾಂಗ್‌ನ ಕಾರ್ಖಾನೆ ಕಟ್ಟಡವೊಂದರ ಮಹಡಿಯಲ್ಲಿ ಇಂಥದೇ ತಿಕ್ಕಲರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸೇರುವುದು ಹೇಗೋ ಅವನಿಗೆ ಗೊತ್ತಾಯಿತು.

ಒಮ್ಮೆ ಸರಳಾಳನ್ನೂ ಕರೆದುಕೊಂಡು ಹೋದ. ಗಂಡ ಯಾರ ಸೊಂಟ ಹಿಡಿಯುತ್ತಾನೋ ನೋಡೇ ಬಿಡೋಣ ಎಂದು ಅವಳು ರೇಷ್ಮೆ ಸೀರೆ ಉಟ್ಟು ಹೊರಟಳು. ಅಲ್ಲಿ ಯಾರೂ ಯಾರನ್ನೂ ಮುಟ್ಟಲಿಲ್ಲ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವು ಕಣ್ಣು ಮುಚ್ಚಿ ಜಾರುತ್ತ, ತಿರುಗುತ್ತ ಇದ್ದರು. ಅನುಮಾನವೇನೋ ಕಳೆಯಿತು, ಆದರೆ ಅದಕ್ಕಿಂತ ದೊಡ್ಡದೊಂದು ಅವಳಿಗೆ ಹೊಳೆಯಿತು. ಇಲ್ಲಿ ಇವರಿಗೆ ನಾನು ಬೇಕಾಗೇ ಇಲ್ಲ. ಅವನು ಕುಣಿದಷ್ಟು ಹೊತ್ತೂ ಅವಳು ತಲೆ ತಗ್ಗಿಸಿ ಕೂತಳು.

ಮನೆಗೆ ಮರಳುವಾಗ ಎಂಆರ್‌ಟಿ ರೈಲಿನಲ್ಲಿ ಅವನು ಮಕ್ಕಳ ಹಾಗೆ ಕೇಳಿದ: "ನೋಡಿದ್ಯಾ? ಹೇಗಿತ್ತು?"

"ನಾನು ನೋಡ್ಲಿಲ್ಲ. ಇನ್ನೊಂದ್ಸಲ ಇಂಥ ಕಡೆ ನನ್ನ ಕರೀಬೇಡಿ."

ಅವನು ಮತ್ತೆ ಕರೆಯಲಿಲ್ಲ. ಕರೆಯಲಿ ಎಂದು ಅವಳು ಎಷ್ಟೋ ಭಾನುವಾರ ಕಾದಳು. ಬಾಯಿಬಿಟ್ಟು ಹೇಳಲು ಮಾತ್ರ ಬಿಗುಮಾನ.

*

"ಅತ್ತಿಗೆ, ಇವರನ್ನ ಕಳಿಸಿಬಿಡ್ಲಾ?" ಎಂದ ಜಯತೀರ್ಥ.

"ಬೇಡ. ಹಾಡು ಹಾಕ್ಲಿ."

ಮಗ ಅವಿನಾಶ್ ಬಗ್ಗಿ ಪಿಸುಗುಟ್ಟಿದ. "ಅಮ್ಮ, ಆರ್ ಯೂ ಶ್ಯೂರ್? ನೈಬರ್ಸ್ ಎಲ್ಲ ನೋಡ್ತಿದ್ದಾರೆ."

"ನೋಡ್ಲಿ. ನಾನೂ ನೋಡ್ಬೇಕು."

ಜಯತೀರ್ಥ ಕ್ರಿಯೆ ಮಾಡಿಸಲು ಬಂದಿದ್ದ ಭಟ್ಟರ ಮುಖ ನೋಡಿದ. ಭಟ್ಟರು ಗಡಿಯಾರ ನೋಡಿ, "ರಾಹುಕಾಲ ಶುರುವಾಗೋದ್ರೊಳಗೆ ಎತ್ತಿದ್ರೆ ನಂದೇನೂ ಅಡ್ಡಿ ಇಲ್ಲ" ಎಂದರು.

ಪೆಟ್ಟಿಗೆಯ ಮುಚ್ಚಳ ಹಾಕಿದರು. ಗುರುವ ಮತ್ತು ಒಬ್ಬ ಮಲಾಯ್ ಮುದುಕಿ ಪೆಟ್ಟಿಗೆಯ ಮುಂದಿನ ಟೈಲ್ಸ್ ನೆಲಕ್ಕೆಲ್ಲ ಪೌಡರ್ ಹರಡಿದರು. ಪುಟ್ಟ ಪ್ಲೇಯರ್‌ನಲ್ಲಿ ರೆಕಾರ್ಡ್ ತಿರುಗಿತು. ಕರಕರ ಸದ್ದಿನ ಒಳಗಿಂದ ಡ್ರಮ್ಮು, ಅದರ ಹಿಂದೆ ಯಾರೋ ಒಬ್ಬನ ಎದೆ ಬಿರಿಯುವ ದನಿ. ಬಂದ ಗೆಳೆಯರು ಬೆಳ್ಳಗಾದ ನೆಲದ ಸುತ್ತ ಕೈಕಟ್ಟಿ ನಿಂತರು. ಅಲ್ಲಿ ನೋಡಲು ಏನೂ ಇರಲಿಲ್ಲ. ಇನ್ನು ಎಂದೂ ಇರುವುದಿಲ್ಲ ಎಂದು ಅರಿವಾಗಿ ಸರಳಾ ಬಿಕ್ಕಿದಳು.

"ಟೈಮಾಯ್ತು, ಎತ್ತಿ, ಎತ್ತಿ!" ಭಟ್ಟರು ಅವಸರಪಡಿಸಿದರು. ಹಾಡು ಇನ್ನೂ ಅರ್ಧ ಇತ್ತು.

ಜಯತೀರ್ಥ, ಅವಿನಾಶ್, ಅಕ್ಕಪಕ್ಕದ ಮನೆಯ ಇಬ್ಬರು ಬರಿಗಾಲಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟರು. ಹೊರಗೆ ನಿಂತಿದ್ದ ವ್ಯಾನಿಗೆ ಹೋಗಲು ಆ ನೆಲ ದಾಟದೆ ಬೇರೆ ದಾರಿ ಇರಲಿಲ್ಲ. ಗುರುವ "ಅಯ್ಯೋ, ನಿಲ್ಲಿ" ಎನ್ನುವಷ್ಟರಲ್ಲಿ ನೆಲದ ಮೇಲೆ ಕಾಲಿಟ್ಟಾಗಿತ್ತು. ಮೊದಲು ಜಯತೀರ್ಥನ ಎಡಗಾಲು ಜಾರಿತು. ಸಾವರಿಸಿಕೊಳ್ಳಲು ಬಲಗಾಲು ಎಳೆದ. ಹಿಂದಿನವರೂ ಜಾರಿದರು, ಎಳೆದರು. ಬೀಳದೆ ಇರಬೇಕಾದರೆ ನಾಲ್ವರೂ ಒಟ್ಟಿಗೆ ಜಾರಬೇಕಿತ್ತು. ಎಡಕ್ಕೊಂದು, ಬಲಕ್ಕೊಂದು, ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಒಂದೊಂದು ಹೆಜ್ಜೆ. ಯಾರೋ ಪೆಟ್ಟಿಗೆ ಹಿಡಿಯಲು ಓಡಿದರು.

"ಯಾರೂ ಮುಟ್ಟಬೇಡಿ," ಎಂದು ಸರಳಾ ಕೂಗಿ ಎದ್ದು ನಿಂತಳು.

ಹೆಗಲುಗಳ ಮೇಲೆ ಅನಂತರಾಮ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಅರ್ಧ ಸುತ್ತು ತಿರುಗಿ ಬಿಸಿಲಿಗೆ ಹೋದ.