ಕ್ರಿಸ್‌ಮಸ್ಸಿಗೆ ಬರುವ ತವರು

ಹೆಂಗಸರು ಚಿಕ್ಕನಿಂಗಮ್ಮನ ಹೆಣಕ್ಕೆ ಕಡೆಯ ಚೊಂಬು ನೀರು ಹುಯ್ದು ಒದ್ದೆ ತಲೆ ಒರೆಸುತ್ತಿದ್ದಾಗ ಹೊರಗಿನಿಂದ ಬೀದಿಯ ಯಜಮಾನ ಮಾರಯ್ಯ ಕೂಗಿದ. "ತವರೋರ್ ಸೀರೆ ಎಲ್ರವ್ವಾ? ಒತ್ತಾಯ್ತದೆ, ತನ್ನಿ."

ತಡಿಕೆಯ ಮರೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಸಹಾಯಮೇರಿಯತ್ತ ತಿರುಗಿದರು. ಅವಳು ತನ್ನ ಹಿಂದೆ ಇನ್ಯಾರೋ ಇದ್ದಾರೆಂದು ತಿರುಗಿ ನೋಡಿದಳು. ಗೂಟದ ಎಮ್ಮೆಯೊಂದನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ನಿಮ್ಮನ್ನೇ ಕಣಕ್ಕ," ಎಂದಳು ಸತ್ತವಳ ವಾರಗಿತ್ತಿ ಶಿವಮ್ಮ.

"ನಾನಾ? ನಾನು ಹನೂರ್ ಹಾಸ್ಟೆಲಲ್ಲಿ ಇವ್ಳ್ ಜೊತೆ ಅಡ್ಗೆ ಮಾಡೋಳು. ಇವ್ಳ್ ತವರು ಗೋಪಿನಾಥಂ ಅಲ್ವಾ?"

"ಅಲ್ಲಿ ಯಾರವ್ರೆ? ಅಣ್ಣ ಸತ್ ಮ್ಯಾಕೆ ಮನೆನೂ ಬಿದ್ದೋಯ್ತು. ಮೇರಕ್ಕನ ಮನೆಯೇ ನನ್ ತವರು, ವರ್ಸ ವರ್ಸ ಕಿಸ್ಮಸ್ಗೆ ಸೀರೆ ಬತ್ತದೆ ಅಂತ ಬೀದಿಗೆಲ್ಲ ತೋರ್ಸೋಳು."

ತವರಿನ ಹೊಸ ಸೀರೆ ಹೊದಿಸದೆ ಆ ಬೀದಿಯಲ್ಲಿ ಹೆಂಗಸಿನ ಹೆಣ ಎತ್ತುವ ರೂಢಿಯಿಲ್ಲ. ಸಹಾಯಮೇರಿ ತಂದದ್ದು ಒಂದು ಹೂವಿನ ಹಾರ ಮಾತ್ರ. ಅವಳ ಕಣ್ಣು ಶಿವಮ್ಮ ಉಟ್ಟಿದ್ದ ಹಸಿರು ಸೀರೆಯ ಮೇಲೆ ಬಿತ್ತು. ಅದು ಹೋದ ವರ್ಷದ ಕ್ರಿಸ್‌ಮಸ್ಸಿಗೆ ತಾನು ಚಿಕ್ಕನಿಂಗಮ್ಮನಿಗೆ ಕೊಟ್ಟದ್ದು. ಬಾಗಿಲಲ್ಲಿ ಅಳುತ್ತಾ ಕೂತಿದ್ದ ಇನ್ನೊಬ್ಬ ಹೆಂಗಸಿನ ಮೈಮೇಲಿದ್ದದ್ದು ಅದರ ಹಿಂದಿನ ವರ್ಷದ್ದು. ಸತ್ತವಳ ಮುಂದೆ ನಿಂತು ಸೀರೆ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

* * *

ಹನ್ನೆರಡು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಹಾಸ್ಟೆಲಿನ ಮಕ್ಕಳಿಗೆ ಮುದ್ದೆ ತೊಳಸುವಾಗ ಸಹಾಯಮೇರಿ ಕೋಲು ಹಿಡಿದರೆ, ಚಿಕ್ಕನಿಂಗಮ್ಮ ಗೋಣಿತಾಟಿನಲ್ಲಿ ಪಾತ್ರೆಯ ಕಿವಿ ಅದುಮಿ ಹಿಡಿಯಬೇಕು. ಒಬ್ಬಳು ರಜ ಹಾಕಿದ ದಿನ ಮುದ್ದೆ ತುಂಬ ಗಂಟು.

ಡಿಸೆಂಬರ್ ಬಂತೆಂದರೆ ಸಹಾಯಮೇರಿ ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದಳು. ತನ್ನ ಮಕ್ಕಳ ಬಟ್ಟೆಗೂ ಅಷ್ಟು ಹೊತ್ತು ಅಂಗಡಿಯಲ್ಲಿ ಕೂತವಳಲ್ಲ. ಅಂಚು ಉಜ್ಜಿ, ಸೆರಗು ಬಿಸಿಲಿಗೆ ಹಿಡಿದು, ಅಂಗಡಿಯವನ ತಲೆ ತಿಂದು ಒಂದು ಸೀರೆ ಆರಿಸುತ್ತಿದ್ದಳು. ಕೊಟ್ಟಾಗ ಚಿಕ್ಕನಿಂಗಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು ಮೂಸುವುದನ್ನು ನೋಡಿದರೆ ಸಾಕು, ಅವಳಿಗೆ ಹಬ್ಬ ಪೂರ್ತಿಯಾಗುತ್ತಿತ್ತು.

ಆದರೆ ಕೊಟ್ಟ ಒಂದು ಸೀರೆಯನ್ನೂ ಚಿಕ್ಕನಿಂಗಮ್ಮ ಉಟ್ಟು ಬರಲಿಲ್ಲ. ಒಲೆಯ ಹೊಗೆಗೆ ಯಾಕೆಂದು ಇಟ್ಟಿರಬೇಕು ಎಂದು ಸಹಾಯಮೇರಿ ಸುಮ್ಮನಿದ್ದಳು. ಈ ಸಲ ಸೀರೆ ಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ, ಆ ಹಸಿರು ಸೀರೆ ಶಿವಮ್ಮನ ಮೈಮೇಲೆ! ಕೇಳಿದರೆ, "ನಮ್ ಚಿಕ್ಕನಿಂಗಿ ಕೊಟ್ಳು" ಎಂದಳು. ಮಂಗನ ಕೈಗೆ ಮಾಣಿಕ್ಯ ಕೊಟ್ಟೆನಲ್ಲ ಎಂದುಕೊಂಡು, ಹೊಸ ಸೀರೆಗೆ ತನ್ನ ಅಳತೆಯ ರವಿಕೆ ಹೊಲಿಸಿ, ಚರ್ಚಿನ ಕ್ರಿಸ್‌ಮಸ್ ಪೂಜೆಗೆ ತಾನೇ ಉಟ್ಟುಕೊಂಡು ಹೋದಳು.

ಅಂದು ಮಧ್ಯಾಹ್ನ ಚಿಕ್ಕನಿಂಗಮ್ಮ ಎಂದಿನಂತೆ ಊಟಕ್ಕೆ ಬಂದಳು. ಉಂಡಳು. ಹಬ್ಬಕ್ಕೆ ಕರಿದ ಅಚ್ಚುಮುರುಕು ತಿಂದಳು. ಸಹಾಯಮೇರಿ ಉಟ್ಟಿದ್ದ ಆ ಹೊಸ ಹಳದಿ ಸೀರೆಯನ್ನು ನೋಡಿ, "ಚಂದಾಗದೆ ಕಣಕ್ಕ, ನಿಮ್ಗೇ ಒಪ್ತದೆ" ಎಂದಳು. ಹೊರಡಲೆಂದು ಎರಡು ಸಲ ಎದ್ದು ಎರಡು ಸಲವೂ ಕೂತಳು. ಸಹಾಯಮೇರಿ ಬೇಕೆಂದೇ ಪಾತ್ರೆ ತೊಳೆಯುತ್ತಾ ಇದ್ದಳು. ಕೊನೆಯ ಬಸ್ಸಿಗೆ ಅವಳು ಬರಿ ಚೀಲ ಮಡಿಸಿಕೊಂಡು ಹೋದಾಗ, ಗೊತ್ತಾಗಲಿ ಇವಳಿಗೂ ಎಂದು ಸಹಾಯಮೇರಿ ಒಳಗೊಳಗೇ ಹಿಗ್ಗಿದ್ದಳು.

ಮೂರನೆಯ ಬೆಳಿಗ್ಗೆ ಚಿಕ್ಕನಿಂಗಮ್ಮ ಮಲಗಿದ್ದಲ್ಲಿಂದ ಏಳಲಿಲ್ಲ.

* * *

"ತವರಿನ ಸೀರೆ ಅಂದ್ಮೇಲೆ ನಿಮಗ್ಯಾಕೆ ಕೊಟ್ಳು?" ಸಹಾಯಮೇರಿ ಕೇಳಿಯೇ ಬಿಟ್ಟಳು.

ಶಿವಮ್ಮ ತಲೆ ತಗ್ಗಿಸಿದಳು. "ತವರುಗೆಟ್ಟೋಳು ಅಂತ ಆಡ್ಕತಿದ್ವಿ ಕಣಕ್ಕ. ಹಬ್ಬಕ್ಕೂ ನಮ್ ಸೀರೆನೇ ಈಸ್ಕಂಡು ಉಡೋಳು. ನಿಮ್ ಸೀರೆ ಬರಕ್ಕೆ ಸುರುವಾದ್ಮೇಲೆ ಒಂದೊಂದೇ ನಮ್ಗೆ ಕೊಟ್ಳು. ಉಡ್ಕಳಿ, ನಂಗೇನು, ಬರೋ ವರ್ಸ ಇನ್ನೊಂದ್ ಬತ್ತದೆ ಅನ್ನೋಳು."

ಹೊರಗೆ ಮಾರಯ್ಯನಿಗೆ ತಾಳ್ಮೆ ತಪ್ಪಿತು. "ಇಲ್ದಿದ್ರೆ ಬುಡಿ ಅತ್ಲಾಗಿ. ತವರಿಲ್ಲ ಅಂತ ನಾವೇ ಒಂದ್ ಒದಿಸ್ತೀವಿ."

"ಐತೆ!" ಸಹಾಯಮೇರಿ ಕಿರುಚಿದಳು. "ಮನೇಲೈತೆ. ತತ್ತೀನಿ."

ಸತ್ತವಳ ಅಳಿಯ ಮಾದೇಶ ಬೈಕಿನಲ್ಲಿ ಲೊಕ್ಕನಹಳ್ಳಿಯಿಂದ ಹನೂರಿಗೆ ಕರೆದೊಯ್ದ. ಪೇಟೆಯಲ್ಲಿ ಬಟ್ಟೆಯಂಗಡಿ ತೆರೆದಿತ್ತು. ಅವಳು ನಿಲ್ಲಿಸಲು ಹೇಳಿ ಇಳಿದಳು, ಮತ್ತೆ ಹತ್ತಿ ಕೂತಳು. ಅಂಗಡಿಯ ಸೀರೆ ಊರಿನವರ ಬಾಯಿ ಮುಚ್ಚಿಸೀತು. ಚಿಕ್ಕನಿಂಗಮ್ಮನ ಪಾಲಿನದು ಮನೆಯಲ್ಲಿತ್ತು.

ಹಳದಿ ಸೀರೆಯನ್ನು ಇಸ್ತ್ರಿ ಮಾಡಿದಳು. ಅಂಗಡಿಯ ಮಡಿಕೆ ಎಷ್ಟು ಒತ್ತಿದರೂ ಮರಳಿ ಬರಲಿಲ್ಲ.

ವಾಪಸ್ಸು ಬಂದಾಗ ಹೆಣವನ್ನು ಚಟ್ಟದ ಮೇಲೆ ಮಲಗಿಸಿದ್ದರು. ಶಿವಮ್ಮ ಸೀರೆಯನ್ನು ಕೈಗೆ ತೆಗೆದುಕೊಂಡವಳು ಬೆರಳಲ್ಲಿ ಅಂಚು ಸವರಿ, ಸಹಾಯಮೇರಿಯ ಮುಖ ನೋಡಿ, ಬಿಡಿಸದೆ ವಾಪಸ್ಸು ಕೊಟ್ಟಳು. ಬಟ್ಟೆ ಉಟ್ಟದ್ದೋ ಉಡದ್ದೋ ಎಂಬುದು ಹೆಂಗಸಿನ ಬೆರಳಿಗೆ ತಿಳಿಯದೆ ಇರುತ್ತದೆಯೇ?

"ಹೊಸದು ತಾನೇ?" ಮಾರಯ್ಯ ಕೇಳಿದ.

ಅಲ್ಲ ಎಂದರೆ ಹಳೆ ಬಟ್ಟೆ ಕೊಟ್ಟ ತವರೆಂದು ಸತ್ತವಳ ಮಾನ ಹೋಗುತ್ತಿತ್ತು. "ಹೊಸದೇ," ಎಂದಳು ಸಹಾಯಮೇರಿ. "ಕಿಸ್ಮಸ್ಗೇ ಅಂತ ತಂದಿದ್ದೆ. ಕೊಡಕ್ಕಾಗ್ಲಿಲ್ಲ."

"ಯಾಕಾಗ್ಲಿಲ್ಲ? ಅವತ್ತು ನಿಮ್ಮನೆಗೇ ಬಂದಿದ್ಲಲ್ಲ?"

ತಾಯಿಯ ಕಾಲ ಬಳಿ ಕೂತಿದ್ದ ಮಗಳು ರತ್ನ ಅಳು ನಿಲ್ಲಿಸಿ ತಲೆಯೆತ್ತಿದಳು.

"ಅವ್ವ ಯೋಳ್ತು ಕಣ್ ತಾತ. ಅಕ್ಕ ಸೀರೆ ಕೊಟ್ಟವ್ರೆ, ಬಸ್ಸಲ್ಲಿ ಮಣ್ಣಾಯ್ತದೆ ಅಂತ ನಾನೇ ಅಲ್ಲಿ ಮಡಗ್ಬುಟ್ಟು ಬಂದಿವ್ನಿ ಅಂತು. ಹಳದಿದು, ಭಾಳ ಚಂದಾಗದೆ ಅಂತು."

ಮಾರಯ್ಯ ತಲೆಯಾಡಿಸಿದ. ಸಹಾಯಮೇರಿ ಸೀರೆ ಬಿಡಿಸಿ ಚಿಕ್ಕನಿಂಗಮ್ಮನಿಗೆ ಕೊರಳಿನಿಂದ ಪಾದದವರೆಗೆ ಹೊದಿಸಿದಳು. ಎದೆಯ ಮೇಲೆ ಬಂದ ಸೆರಗಿನಲ್ಲಿ, ಪೂಜೆಯ ದಿನ ಪಿನ್ನು ಚುಚ್ಚಿದ್ದ ಎರಡು ತೂತು ಬಿಸಿಲಿಗೆ ಎದ್ದು ಕಂಡವು. ಅವುಗಳ ಮೇಲೆ ಅಂಗೈ ಊರಿದಳು.

"ಕೈ ತಗಿ ಮೇರವ್ವ, ಎತ್ತಬೇಕು," ಎಂದ ಮಾರಯ್ಯ.

ಚಟ್ಟ ನಾಲ್ವರ ಹೆಗಲಿಗೇರಿತು. ಸಹಾಯಮೇರಿ ಕೈ ತೆಗೆಯಲಿಲ್ಲ. ತೋಳು ಮೇಲಕ್ಕೆತ್ತಿ, ತುದಿಗಾಲಿನಲ್ಲಿ, ಬೀದಿಯುದ್ದಕ್ಕೂ ಚಟ್ಟದ ಪಕ್ಕದಲ್ಲೇ ನಡೆದಳು.