ಅಜ್ಜಿಗೊಂದು ಹಳದಿ ಕೊಡೆ

"ಹಾಗಾದ್ರೆ ಸೋಮವಾರದಿಂದ ಅಜ್ಜಿಗೆ ಹಳದಿ ಕೊಡೆ," ಎಂದಳು ಮುಖ್ಯ ಬರಹಗಾರ್ತಿ. ಎದುರಿಗೆ ಕೂತಿದ್ದ ಇಬ್ಬರು ಕಿರಿಯ ಬರಹಗಾರರು ಕೋಲೆ ಬಸವನಂತೆ ತಲೆಯಾಡಿಸಿದರು. ಅರ್ಧ ತೆರೆದ ಬಾಗಿಲಾಚೆ ಕಾಫಿ ಲೋಟ ಹಿಡಿದು ಹೋಗುತ್ತಿದ್ದ ಅಜ್ಜಿ ಅಲ್ಲೇ ನಿಂತುಬಿಟ್ಟಳು.

ಅಜ್ಜಿ ಎಂದರೆ ರೇಡಿಯೋ ಧಾರಾವಾಹಿಯ ಅಜ್ಜಿ. ಹನ್ನೆರಡು ವರ್ಷದಿಂದ ದಿನಾ ಸಂಜೆ ಕಾಲು ಗಂಟೆ ಕಥೆಯ ಮನೆಯವರನ್ನೆಲ್ಲ ಗದರಿಕೊಂಡು, ಸಂತೈಸಿಕೊಂಡು ಬಂದವಳು. ನಿಜವಾದ ವಯಸ್ಸು ಐವತ್ತಮೂರು. ಗಂಟಲಿಗೆ ಮಾತ್ರ ಎಪ್ಪತ್ತೆಂಟು. ಅವಳಿಗಿಂತ ಎರಡು ವರ್ಷ ದೊಡ್ಡವಳಾದ ಮುಖ್ಯ ಬರಹಗಾರ್ತಿಯೂ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ಇಷ್ಟು ವರ್ಷದಲ್ಲಿ ಬೇರೆ ಪಾತ್ರಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ, ಕರೆಯುವ ಲಕ್ಷಣವೂ ಇರಲಿಲ್ಲ. ಈ ಅಜ್ಜಿ ಹೋದರೆ ಅವಳ ಕೆಲಸವೂ ಹೋದಂತೆ.

ಮುಖ್ಯ ಬರಹಗಾರ್ತಿಗೆ ಒಂದು ಚಟವಿತ್ತು. ಕಥೆಯಲ್ಲಿ ಮಾಡುವ ಯಾವ ತಂತ್ರವನ್ನೂ ಅವಳು ನೇರವಾಗಿ ಹೇಳುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಮಧ್ಯಾಹ್ನದ ಹೊತ್ತು ಮೂರೇ ತಿಂಗಳು ನಡೆದು ನಿಂತ ಯಾವುದೋ ಧಾರಾವಾಹಿಯಿಂದ ಹೆಸರು ಹೆಕ್ಕುತ್ತಿದ್ದಳು. ಮದುವೆ ನಿಲ್ಲಿಸಲು ಕೊನೇ ಗಳಿಗೆಯಲ್ಲಿ ಬರುವವನಿಗೆ 'ದರ್ಜಿಯ ಮೈದುನ' ಅನ್ನುವಳು. ಗುಟ್ಟೊಂದನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡರೆ ಅದು 'ನಾಲ್ಕನೇ ಕಿಟಕಿ'. ಗೋಡೆಯ ಬೋರ್ಡಿನ ತುಂಬ ಇಂಥವೇ. ಆ ಧಾರಾವಾಹಿಗಳನ್ನು ಕೇಳಿದವರು ಆ ಕಚೇರಿಯಲ್ಲಿ ಅವಳೊಬ್ಬಳೇ. ಆದರೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು!

ಅಂದಿನಿಂದ ಅಜ್ಜಿಗೆ ಎಲ್ಲರ ಮೇಲೂ ಗುಮಾನಿ. ಕಿರಿಯರಿಬ್ಬರಲ್ಲಿ ಕನ್ನಡಕದವನು ಎದುರಾದರೆ ಮೊಬೈಲು ನೋಡುತ್ತ ಪಕ್ಕಕ್ಕೆ ಸರಿಯುತ್ತಿದ್ದ. ಇನ್ನೊಬ್ಬಳು, ಮೂರು ತಿಂಗಳ ಹಿಂದೆ ಸೇರಿದ ಹೊಸ ಹುಡುಗಿ, ಎದ್ದು ನಿಂತು ಕುರ್ಚಿ ಕೊಟ್ಟಳು. ಮುಖ್ಯ ಬರಹಗಾರ್ತಿಯಂತೂ ಎಂದೂ ಇಲ್ಲದ್ದು, "ಗಂಟಲು ಹೇಗಿದೆ ಅಜ್ಜಿ? ಬಿಸಿನೀರು ಕುಡೀತಿದ್ದೀರಾ?" ಎಂದು ವಿಚಾರಿಸಿದಳು. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡ ಅಜ್ಜಿ ಬಿಸಿನೀರನ್ನೂ ಅನುಮಾನದಿಂದಲೇ ಕುಡಿದಳು.

ಸ್ಟುಡಿಯೋದಲ್ಲಿ ಬಾಗಿಲು, ಮಳೆ, ಹೆಜ್ಜೆ ಎಲ್ಲದರ ಸದ್ದು ಮಾಡುವ ಸದ್ದಣ್ಣನನ್ನು ಕೇಳಿದ್ದಾಯಿತು. "ಹಳದಿ ಕೊಡೆನಾ? ಕೊಡೆ ಬಿಚ್ಚೋ ಸದ್ದು ಬೇಕಾದ್ರೆ ಮಾಡ್ಕೊಡ್ತೀನಿ ಅಕ್ಕ. ಬಣ್ಣ ನನಗೆ ಗೊತ್ತಿಲ್ಲ," ಎಂದು ನಕ್ಕ. ಆ ನಗುವೂ ಅವಳಿಗೆ ಸರಿ ಕಾಣಲಿಲ್ಲ.

ಮನೆಯಲ್ಲಿ ಗಂಡ ಸೊಪ್ಪು ಬಿಡಿಸುತ್ತ, "ಹೋಗಿ ಕೇಳಿಬಿಡೋದಲ್ವೇನೆ? ಅದಕ್ಯಾಕೆ ಮೂರು ದಿನದಿಂದ ನನ್ನ ತಲೆ ತಿಂತೀಯ?" ಎಂದ.

"ಕೇಳಿದ್ರೆ ಹೇಳ್ಬಿಡ್ತಾರಲ್ಲ," ಎಂದಳು. ಹೇಳಿಯಾದ ಮೇಲೆ ಅವಳಿಗೇ ತನ್ನ ಮಾತು ಕೇಳಿ ಭಯವಾಯಿತು.

ಶುಕ್ರವಾರ ರೆಕಾರ್ಡಿಂಗಿಗೆ ಒಂದು ಗಂಟೆ ಮೊದಲೇ ಬಂದಳು. ಬರಹಗಾರರ ಕೋಣೆಯ ಪ್ರಿಂಟರಿನ ಮೇಲೆ ಹಾಳೆಗಳು ಬಿದ್ದಿದ್ದವು. ಸೋಮವಾರದ ಕಂತು, ಎರಡು ಕರಡು. ಆಚೀಚೆ ನೋಡಿ ಎತ್ತಿಕೊಂಡಳು. ಕನ್ನಡಕದವನ ಕರಡಿನಲ್ಲಿ ಅಜ್ಜಿ ಮಳೆಯಲ್ಲಿ ಕೊಡೆ ಬಿಚ್ಚುತ್ತಾಳೆ, ಸಿಡಿಲು ಹೊಡೆದು ಸಾಯುತ್ತಾಳೆ. ಹೊಸ ಹುಡುಗಿಯದರಲ್ಲಿ ಮೊಮ್ಮಗಳು ಅಜ್ಜಿಗೆ ಹಳದಿ ಕೊಡೆಯೊಂದನ್ನು ಉಡುಗೊರೆ ಕೊಡುತ್ತಾಳೆ; ಅಜ್ಜಿ ಕುಣಿದಾಡುತ್ತಾಳೆ. ಅಜ್ಜಿ ಎರಡನ್ನೂ ಎರಡೆರಡು ಸಲ ಓದಿದಳು. ಅಂದು ತಲೆಯಾಡಿಸಿದ ಇಬ್ಬರಿಗೂ ಏನೆಂದರೆ ಏನೂ ಗೊತ್ತಿರಲಿಲ್ಲ.

ಮೂವರೂ ಬಂದು ಕೂತ ಮೇಲೆ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಸಾಯ್ತೀನಿ, ಇದರಲ್ಲಿ ಕುಣೀತೀನಿ. ಯಾವುದು ಮಾಡ್ಲಿ?"

ಮುಖ್ಯ ಬರಹಗಾರ್ತಿ ಎರಡನ್ನೂ ಓದಿದಳು. ಕಿವಿ ಕೆಂಪಗಾಯಿತು. "ಏನ್ರೋ ಇದು? ಗೊತ್ತಿಲ್ಲ ಅಂದ್ರೆ ಕೇಳ್ಬೇಕು ತಾನೇ?"

"ಇವರಿಗೆ ಗೊತ್ತಿದೆ ಅಂದ್ಕೊಂಡೆ ಮೇಡಂ," ಎಂದು ಹೊಸ ಹುಡುಗಿ ಕನ್ನಡಕದವನನ್ನು ತೋರಿಸಿದಳು. ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಅಯ್ಯೋ, ಆ ಧಾರಾವಾಹಿಯಲ್ಲಿ ಒಬ್ಬಳು ಚಿಕ್ಕಮ್ಮ ಇದ್ದಳು, ಅವಳು ಹಳದಿ ಕೊಡೆ ಹಿಡ್ಕೊಂಡು..." ಎಂದು ಮುಖ್ಯ ಬರಹಗಾರ್ತಿ ಶುರುಮಾಡಿದಳು.

"ಚಿಕ್ಕಮ್ಮನ ಕಥೆ ಬೇಡ," ಎಂದಳು ಅಜ್ಜಿ. ಅವಳ ದನಿ ಎಪ್ಪತ್ತೆಂಟರಿಂದ ಐವತ್ತಮೂರಕ್ಕೆ ಇಳಿದಿತ್ತು. "ನನ್ನನ್ನ ಏನು ಮಾಡ್ತೀರಿ, ಅದನ್ನ ಬಿಡಿಸಿ ಹೇಳಿ."

ಮುಖ್ಯ ಬರಹಗಾರ್ತಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಒಗಟಿನ ಹೆಸರುಗಳನ್ನು ಪಟಪಟನೆ ಒದರುವವಳಿಗೆ ಸಾದಾ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ನೀವು ಎರಡು ದಿನಕ್ಕೆ ಅಂತ ತಂಗಿ ಮನೆಗೆ ಹೋಗ್ತೀರಿ. ವಾಪಸ್ ಬರಲ್ಲ. ಮನೇಲಿ ಯಾರೂ ನಿಮ್ಮ ಮಾತೆತ್ತಲ್ಲ. ಒಂದೆರಡು ವಾರದಲ್ಲಿ ಕೇಳುಗರೂ ಮರೀತಾರೆ. ಮೇಲಿನವರಿಗೆ ಎಳೇ ಧ್ವನಿಗಳು ಬೇಕಂತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹನ್ನೆರಡು ವರ್ಷಕ್ಕೆ ಇಷ್ಟೇ ತೂಕವೇ ಎಂದುಕೊಂಡಳು ಅಜ್ಜಿ. ಮೂರು ದಿನ ಎಲ್ಲರನ್ನೂ ಅನುಮಾನಿಸಿದ್ದಳಲ್ಲ, ಅದು ನಿಜವಾದದ್ದಕ್ಕೆ ಸಮಾಧಾನವೇನೂ ಆಗಲಿಲ್ಲ.

"ಸಾಯಿಸಿ," ಎಂದಳು. "ಸಿಡಿಲಾದರೂ ಆಗಲಿ. ಸತ್ತರೆ ಒಂದು ದಿನವಾದರೂ ಅಳ್ತಾರೆ."

"ಅದೇ ಬೇಡ ಅಂದಿದ್ದಾರೆ ಅಜ್ಜಿ. ಜನ ಪತ್ರ ಬರೀತಾರೆ, ಫೋನ್ ಮಾಡ್ತಾರೆ... ಇವತ್ತಿನ ಕಂತಿನಲ್ಲೇ ಹೊರಡ್ತೀರಿ."

ಹೊಸ ಹುಡುಗಿ ಮೆಲ್ಲಗೆ ಎದ್ದು, "ಬೋರ್ಡ್ ಮೇಲೆ ಏನಂತ ಬರೀಲಿ ಮೇಡಂ?" ಎಂದಳು.

"ಈಗ ಹೇಳಿದೆನಲ್ಲ, ಅದನ್ನೇ ಬರಿ."

ಹುಡುಗಿ 'ಹಳದಿ ಕೊಡೆ'ಯನ್ನು ಒರೆಸಿ, 'ಅಜ್ಜಿಯನ್ನು ಕಳಿಸಿ ಮರೆತುಬಿಡುವುದು' ಎಂದು ಬರೆದಳು. ಓದಿದ ಕನ್ನಡಕದವನು ತಲೆ ತಗ್ಗಿಸಿದ.

ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತು. ಅಜ್ಜಿ ತನ್ನ ಮಾತುಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಹೇಳಿದಳು. ಕೊನೆಯದು, "ಬಾಗಿಲು ಹಾಕ್ಕೊಳೇ ಮಗಳೇ, ಬರ್ತೀನಿ." ಅದರ ಕೆಳಗೆ ಹಾಳೆಯಲ್ಲಿ 'ಹೆಜ್ಜೆಗಳು ದೂರವಾಗುತ್ತವೆ' ಎಂದಿತ್ತು. ಸದ್ದಣ್ಣ ಎರಡೂ ಅಂಗೈಗೆ ಒಂದು ಜೊತೆ ಹಳೇ ಚಪ್ಪಲಿ ತೊಟ್ಟು, ಹಲಗೆಯ ಮುಂದೆ ಮಂಡಿಯೂರಿ ಸಿದ್ಧನಾಗಿದ್ದ. ಅಜ್ಜಿ ಅವನ ಪಕ್ಕದಲ್ಲಿ ಕೂತು, ಒಂದೊಂದಾಗಿ ಆ ಚಪ್ಪಲಿಗಳನ್ನು ಅವನ ಕೈಯಿಂದ ಬಿಡಿಸಿಕೊಂಡು ತನ್ನ ಕೈಗೆ ತೊಟ್ಟಳು. ಅವನು ಬಾಯಿ ತೆರೆದ. ದೀಪ ನೋಡಿ ಮುಚ್ಚಿಕೊಂಡ.

ಮೈಕಿಗೆ ದೂರವಿದ್ದ ಹಲಗೆಯ ತುದಿಯಿಂದ ಅವಳು ಶುರುಮಾಡಿದಳು. ಒಂದು ಹೆಜ್ಜೆ. ಇನ್ನೊಂದು. ಗಾಜಿನಾಚೆ ಮುಖ್ಯ ಬರಹಗಾರ್ತಿ ಎದ್ದು ನಿಂತು ಕೈ ಎತ್ತಿದಳು, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಹಾಗೇ ನಿಂತಳು. ಹೆಜ್ಜೆಗಳು ಮೈಕಿನ ಹತ್ತಿರ ಹತ್ತಿರ ಬರುತ್ತಿದ್ದವು.