ನೋಡಿಕೊಳ್ಳುವವನು

ಹೆಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು. ರಾಮವ್ವ ಅದನ್ನು ನೋಡುತ್ತಿರಲಿಲ್ಲ. ಅಂಗಳದಲ್ಲಿ ಅವಳ ಗಂಡ ಮಾಳಿಂಗ ತನ್ನ ಕರಿ ಕಂಬಳಿಯನ್ನು ಮಡಿಚಿ ಹಗ್ಗದ ಹೊರಸಿನ ಮೇಲೆ ಹಾಸುತ್ತಿದ್ದ. ಇಷ್ಟು ವರ್ಷದ ಬಾಳುವೆಯಲ್ಲಿ ಆ ಕಂಬಳಿ ಅವನ ಹೆಗಲು ಬಿಟ್ಟು ಇಳಿದದ್ದೇ ಅಪರೂಪ. ಮಳೆಯಲ್ಲಿ ಕುರಿಮರಿಗೆ ಹೊದಿಸಿದ್ದುಂಟು, ರಾಮವ್ವನಿಗೆ ಹೊದಿಸಿದ್ದಿಲ್ಲ.

"ಇದರ ಮ್ಯಾಲ ಕುಂಡ್ರು. ಹಗ್ಗ ಒತ್ತತಾವ," ಎಂದ, ರಾಜಶ್ರೀಗೆ.

ರಾಜಶ್ರೀ ಅವನ ಎರಡನೆಯ ಹೆಂಡತಿ, ಈಗ ತುಂಬಿದ ಬಸುರಿ. ತನಗೆ ಮಕ್ಕಳಾಗಲಿಲ್ಲವೆಂದು ರಾಮವ್ವನೇ ಮುದ್ದೇಬಿಹಾಳದ ಕಡೆಗೆ ಹೋಗಿ, ಹಣೆಗೆ ಕುಂಕುಮವಿಟ್ಟು ಕರೆತಂದ ಹುಡುಗಿ. ಗೊಳಸಂಗಿಯ ಜನ ಅಂದು ರಾಮವ್ವನದು ದೊಡ್ಡ ಮನಸ್ಸು ಎಂದಿದ್ದರು. ದೊಡ್ಡ ಮನಸ್ಸಿಗೆ ಹತ್ತುವ ಕಿಚ್ಚೂ ದೊಡ್ಡದೇ ಎಂಬುದು ಜನಕ್ಕೇನು ಗೊತ್ತು?

"ಯಕ್ಕಾ, ರೊಟ್ಟಿ ಹೊತ್ತಾಕತ್ತೈತಿ."

"ಹೊತ್ತಲಿ ಬಿಡು. ಹೊತ್ತಿದ್ದು ತಿನ್ನಾಕ ನಾ ಅದೀನಲ್ಲ. ಮೆತ್ತಂದು ನಿನಗಿರ್ಲಿ."

ಮಾಳಿಂಗ ತಲೆಯೆತ್ತದೆ ಕುರಿ ಬಿಟ್ಟುಕೊಂಡು ಹೋದ. ರಾಮವ್ವ ಹೆಂಚಿಗೆ ಮುಖ ಮಾಡಿ ತುಟಿಯೊಳಗೇ ಅಂದುಕೊಂಡಳು: "ನನ್ನ ನೋಡೋ ದೇವರ, ಆಕಿನ್ನ ನೀನ ನೋಡ್ಕೋ."

ಆ ಹೆಸರು ಅವಳಿಗೆ ಸಿಕ್ಕಿದ್ದು ಎಸ್ತೇರಬಾಯಿಯಿಂದ. ದವಾಖಾನೆಯಲ್ಲಿ ಆಯಾ ಆಗಿದ್ದು, ಈಗ ಓಣಿಯ ತುದಿಯಲ್ಲಿ ಒಬ್ಬಳೇ ಇರುವ ಕ್ರೈಸ್ತ ಮುದುಕಿ. ಸಂಜೆ ಕಟ್ಟೆಯ ಮೇಲೆ ಕೂತು ತನ್ನ ದೇವರ ಹೆಸರುಗಳನ್ನು ಅರ್ಥ ಸಮೇತ ಹೇಳಿಕೊಳ್ಳುತ್ತಿದ್ದಳು: ಒದಗಿಸುವವನು, ವಾಸಿಮಾಡುವವನು, ಕುರುಬನು. ಆ ಕೊನೆಯದನ್ನು ಕೇಳಿಯೇ ರಾಮವ್ವ ಮೊದಲ ಸಲ ಅಲ್ಲಿ ನಿಂತದ್ದು.

"ಏನ್ರಿ ಬಾಯಾರ, ನಿಮ್ಮ ದೇವ್ರು ನಮ್ಮ ಪೈಕಿನ?"

"ಕುರಿ ಕಾಯಾಂವ ಅಂದಮ್ಯಾಲ ನಿಮ್ಮಾಂವನ ಅಲ್ಲೇನ ಮಗಳ," ಎಂದು ಮುದುಕಿ ನಕ್ಕಿದ್ದಳು.

ಡೊಳ್ಳಿನ ಪದ ಕೇಳುತ್ತ ಬೆಳೆದ ರಾಮವ್ವನಿಗೆ ದೇವರ ಹೆಸರುಗಳೆಂದರೆ ಪ್ರೀತಿ. ಆದರೆ ಎದೆಗೆ ನಾಟಿದ್ದು ಒಂದೇ: ನನ್ನನ್ನು ನೋಡುವ ದೇವರು. ನೋಡುವವನೆಂದರೆ ನೋಡಿಕೊಳ್ಳುವವನು ಎಂದುಕೊಂಡಳು. ಆ ಸೀಮೆಯ ಜಗಳಗಳಲ್ಲಿ 'ದೇವ್ರು ನಿನ್ನ ನೋಡ್ಕೋತಾನ' ಎಂದರೆ ಅದು ಆಶೀರ್ವಾದವಲ್ಲ.

ಮಧ್ಯಾಹ್ನ ರಾಜಶ್ರೀ ಆ ಕಂಬಳಿ ಒಳಗೆ ತಂದು, ರಾಮವ್ವ ದಿನಾ ಮಲಗುವ ಜಾಗದಲ್ಲೇ ಹಾಸಿ ಅಡ್ಡಾದಳು. ರಾಮವ್ವ ಅದರ ಅಂಚು ಹಿಡಿದು ಎಳೆದಳು.

"ಇವತ್ತ ಜಾಗಾ ಹಿಡದಿ. ಹಡದಮ್ಯಾಲ ನನಗ ಕುರಿಹಟ್ಟಿ ತೋರಸ್ತಿ."

"ನಾ ಯಾವಾಗ ಹಂಗ ಅಂದೀನಿ ಯಕ್ಕಾ?"

"ಬಾಯಿಲೆ ಅನ್ನಬೇಕೇನ? ಹೊಟ್ಟಿ ಮುಂದ ಮಾಡ್ಕೊಂಡು ಅಡ್ಡಾಡಿದ್ರ ಸಾಕು. ನಿಮ್ಮವ್ವನ ಮನಿಗೆ ನಡಿ. ಕೂಸಾದಮ್ಯಾಲೂ ಬರಬ್ಯಾಡ."

ರಾಜಶ್ರೀ ಎದ್ದಳು. ಚೀಲಕ್ಕೆ ಎರಡು ಸೀರೆ ತುರುಕಿ ಹೊರಟೇಹೋದಳು. ರಾಮವ್ವನಿಗೆ ಮನೆ ಒಮ್ಮೆಲೇ ದೊಡ್ಡದಾದಂತಾಯಿತು. ಬಟ್ಟಲ ತುಂಬ ಬೆಲ್ಲ ತಗೊಂಡು ಎಸ್ತೇರಬಾಯಿಯ ಕಟ್ಟೆಗೆ ಹೋದಳು.

"ತಗೋರಿ ಬಾಯಾರ. ನಿಮ್ಮ ದೇವ್ರು ಖರೇನ ನೋಡ್ಕೊಂಡ. ಹೋದ್ಲು ಆಕಿ."

ಮುದುಕಿ ಎಲ್ಲ ಕೇಳಿದಳು. ಬೆಲ್ಲ ಮುಟ್ಟಲಿಲ್ಲ.

"ಆ ಹೆಸರು ಇಟ್ಟಾಕಿ ಯಾರಂತ ನೀ ಕೇಳಲೇ ಇಲ್ಲಲ್ಲ ರಾಮವ್ವಾ. ಹಾಗರ ಅಂತ. ಮಕ್ಕಳಿಲ್ಲದ ಸಾರವ್ವ ತಾನ ಗಂಡಗ ಕೊಟ್ಟ ಹುಡುಗಿ. ಬಸುರಾದಮ್ಯಾಲ ಸಾರವ್ವ ಕಾಡಿದ್ಲು. ತಾಳಲಾರದ ಓಡಿಹೋಗಿ ದಾರ್ಯಾಗ ನೀರಿನ ಹತ್ತಿರ ಕುಂತಿದ್ಲು. ದೇವ್ರು ಅಲ್ಲಿ ಮಾತಾಡಿಸಿದ. 'ನನ್ನನ್ನ ನೋಡೋ ದೇವರು ನೀನು' ಅಂತ ಆಕಿನ ಅಂದಿದ್ದು."

ರಾಮವ್ವನ ಮುಖ ಕಪ್ಪಿಟ್ಟಿತು.

"ಅದು ಸವತಿ ಇಟ್ಟ ಹೆಸರ? ಹಂಗಾರ ಹಿರೇಕಿ ಏನ್ ಹೆಸರಿಟ್ಲು?"

"ಆಕಿ ಇಟ್ಟಿದ್ದು ಬೈಬಲ್‌ನಾಗ ಎಲ್ಲೂ ಇಲ್ಲ."

"ಗಂಡನ್ನ ಕಸಗೊಂಡ್ಲು, ಕಂಬಳಿ ಕಸಗೊಂಡ್ಲು. ಈಗ ನನ್ನ ದೇವ್ರನ್ನೂ ಕಸಗೊಂಡ್ಲು!"

"ದೇವ್ರಂದ್ರ ಕಂಬಳಿ ಏನ್ ಹುಚ್ಚಿ, ಒಬ್ಬಾಕಿ ಹೊತ್ಕೊಂಡ್ರ ಇನ್ನೊಬ್ಬಾಕಿಗೆ ಇಲ್ಲ ಅನ್ನಾಕ?"

ರಾಮವ್ವ ಬಟ್ಟಲು ಅಲ್ಲೇ ಬಿಟ್ಟು ಎದ್ದಳು. ರಾಜಶ್ರೀಯನ್ನು ಹುಡುಕಿ ಹೊರಟದ್ದು ಕನಿಕರದಿಂದಲ್ಲ. ಆ ದೇವರು ಅಂಥವಳಲ್ಲಿ ಏನು ನೋಡಿದನೆಂದು ತಾನೂ ಒಮ್ಮೆ ನೋಡಬೇಕಿತ್ತು.

ಬಸ್ಸು ನಿಲ್ಲುವ ಕ್ರಾಸಿನ ಹತ್ತಿರ, ಕಾಲುವೆಯ ದಂಡೆಯ ಜಾಲಿ ಗಿಡದ ಕೆಳಗೆ ರಾಜಶ್ರೀ ಕೂತಿದ್ದಳು. ಚಪ್ಪಲಿ ಬಿಚ್ಚಿಟ್ಟಿದ್ದಳು.

"ಬಸ್ಸು ಬರಲಿಲ್ಲೇನ?"

"ಬಂದು ಹೋತು. ಹತ್ತಲಿಲ್ಲ. ಅವ್ವನ ಮನ್ಯಾಗ ಅಣ್ಣನ ಹೇಣ್ತಿ ಇರಗೊಡೂದಿಲ್ಲ ಯಕ್ಕಾ."

ರಾಮವ್ವನ ಕಣ್ಣು ಅವಳ ಪಾದಗಳ ಮೇಲೆ ನಿಂತಿತು. ಎರಡೂ ಬಾತು, ಚಪ್ಪಲಿಯ ಪಟ್ಟಿ ಕೂತಲ್ಲಿ ಕೆಂಪು ಗೆರೆ ಬಿದ್ದಿತ್ತು.

"ಯಾವಾಗಿಂದ ಬಾತಾವ ಕಾಲು?"

"ಭಾಳ ದಿನಾತು."

"ನನಗ್ಯಾಕ ಹೇಳಲಿಲ್ಲ?"

"ನೀ ನನ್ನ ಕಡೆ ನೋಡೂದ ಇಲ್ಲಲ್ಲ."

ರಾಮವ್ವನ ಒಳಗಿನ ಕಿಚ್ಚು ಇನ್ನೂ ಆರಿರಲಿಲ್ಲ. ಚೀಲ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ತನ್ನ ಅಗಲವಾದ ಚಪ್ಪಲಿಗಳನ್ನು ಬಿಟ್ಟು, ಕಾಲಿನಿಂದಲೇ ಅವಳತ್ತ ನೂಕಿದಳು. ರಾಜಶ್ರೀಯ ಸಣ್ಣ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಕಾದ ಎರೆಮಣ್ಣಿನ ದಾರಿಯಲ್ಲಿ ಬರಿಗಾಲಲ್ಲಿ ಊರಿನ ಕಡೆಗೆ ನಡೆದಳು. ತಿರುಗಿ ನೋಡಲಿಲ್ಲ. ಹಿಂದೆ ಸಡಿಲ ಚಪ್ಪಲಿಗಳ ಸಪ್ಪಳ ದೂರವಾದಾಗಲೆಲ್ಲ ನಿಂತು, ಅದು ಹತ್ತಿರ ಬಂದ ಮೇಲೆ ಮತ್ತೆ ಹೆಜ್ಜೆ ಎತ್ತುತ್ತಿದ್ದಳು.